ನಾಲ್ಕು ಹೆಣ್ಣು ಸಾಲು, ಒಂದು ಗಂಡು ಸಾಲು

ತೊಗರಿ ಹೂವಿನ ಎಸಳನ್ನು ಉಗುರಿನಿಂದ ಬಿಡಿಸಿ ಒಳಗಿನ ಸಣ್ಣ ತುದಿಗಳನ್ನು ಬೆರಳಿಗೆ ಉಜ್ಜಿಕೊಳ್ಳುತ್ತಿದ್ದಾಗ ತನಗೆ ಸುಖವಾಗಿದೆ ಎಂಬುದು ಮೈತ್ರಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ನಾಚಿಕೆಯೂ ಆಯಿತು. ಇವತ್ತು ಸುಖಪಡುವ ದಿನವಲ್ಲ. ಸಂಜೆಯ ಬಸ್ಸಿಗೆ ಕರಜಗಿಯಿಂದ ಗಂಡನ ಅಕ್ಕ ಗುರುಬಾಯಿ ಬರುತ್ತಾಳೆ. ಅವಳ ಜೊತೆ ಜೇವರ್ಗಿ ಕಡೆಯ ಒಬ್ಬ ಹಿರಿಯ ಬರುತ್ತಾನೆ. ಆ ಹಿರಿಯನ ತಂಗಿಯ ಮಗಳನ್ನು ಮೈತ್ರಿಯ ಗಂಡ ಸೂರ್ಯಕಾಂತನಿಗೆ ಎರಡನೆಯವಳಾಗಿ ತರುವ ಮಾತು ನಡೆಯುತ್ತದೆ. ಮಾತು ನಡೆಯುವಾಗ ಚಹಾ ಮಾಡಿ ತಂದಿಡಬೇಕಾದವಳು ಮೈತ್ರಿಯೇ. ಎಷ್ಟು ಕಪ್ಪು, ಯಾವ ತಟ್ಟೆ ಎಂದು ಲೆಕ್ಕ ಹಾಕಿ ಅವಳು ಅವನ್ನು ನಿನ್ನೆಯೇ ತೊಳೆದು ಬೋರಲು ಹಾಕಿದ್ದಳು. ಆದರೂ ಮಾದನಹಿಪ್ಪರಗಾದ ರಸ್ತೆಯ ಪಕ್ಕದ ಈ ಎರಡು ಎಕರೆಯಲ್ಲಿ ಬಿಸಿಲು ಇನ್ನೂ ಎಳೆಯದಾಗಿತ್ತು, ಜೇನುಹುಳಗಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಯಾರ ಅಪ್ಪಣೆಯನ್ನೂ ಕೇಳದೆ ಓಡಾಡುತ್ತಿದ್ದವು, ಅವಳ ಬೆರಳುಗಳಿಗೆ ತಮ್ಮ ಕೆಲಸ ತಮಗೆ ಗೊತ್ತಿತ್ತು. ಬೆರಳಿಗೆ ಕೆಲಸ ಗೊತ್ತಿದ್ದರೆ ಮನಸ್ಸು ತನ್ನ ಪಾಡಿಗೆ ತಾನು ಹಗುರಾಗುತ್ತದೆ, ಅದಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ.

ಇದು ಬೇಳೆಯ ತೊಗರಿಯಲ್ಲ, ಬೀಜದ ತೊಗರಿ. ಕಂಪನಿಯವರು ಬಿತ್ತಲು ಕೊಡುವಾಗಲೇ ಎರಡು ಬೇರೆ ಚೀಲ ಕೊಡುತ್ತಾರೆ. ನಾಲ್ಕು ಸಾಲು ಹೆಣ್ಣು, ಒಂದು ಸಾಲು ಗಂಡು, ಮತ್ತೆ ನಾಲ್ಕು ಹೆಣ್ಣು, ಒಂದು ಗಂಡು, ಹೀಗೆ ಬದುವಿನ ತನಕ. ಗಂಡು ಸಾಲಿನ ಹೂವನ್ನು ಬಿಡಿಸಿದರೆ ಬೆರಳಿಗೆ ಹಳದಿ ಪುಡಿ ಹತ್ತುತ್ತದೆ. ಹೆಣ್ಣು ಸಾಲಿನದನ್ನು ಬಿಡಿಸಿದರೆ ಒಳಗಿನ ತುದಿಗಳು ಬಿಳಿಚಿಕೊಂಡು ಖಾಲಿ ಇರುತ್ತವೆ, ಏನೂ ಹತ್ತುವುದಿಲ್ಲ. ಆ ಗಿಡಕ್ಕೆ ತನ್ನ ಪುಡಿಯಿಂದ ತಾನೇ ಕಾಯಿ ಕಟ್ಟಲು ಬರುವುದಿಲ್ಲ. ಪಕ್ಕದ ಗಂಡು ಸಾಲಿನಿಂದ ಜೇನು ಹೊತ್ತು ತಂದರೆ ಕಟ್ಟುತ್ತದೆ, ಆ ಕಾಳೇ ಕಂಪನಿಗೆ ಬೇಕಾದ ಬೀಜ. ಹೆಣ್ಣು ಸಾಲಿನಲ್ಲಿ ಎಲ್ಲಾದರೂ ಹಳದಿ ಪುಡಿಯ ಗಿಡ ಬೆರೆತು ಬಂದಿದ್ದರೆ ಅದನ್ನು ಹೂವಿನ ಹೊತ್ತಿನಲ್ಲೇ ಗುರುತಿಸಿ ಕಿತ್ತು ಹಾಕಬೇಕು. ಕಂಪನಿಯ ಅತುಲ ಸಾಹೇಬರು ಹೋದ ವರ್ಷ ಇದನ್ನು ಹೇಳಿಕೊಟ್ಟಾಗ ಉಳಿದ ಹೆಂಗಸರು ಮೂರು ಮೂರು ಸಲ ಕೇಳಿದ್ದರು. ಮೈತ್ರಿ ಒಂದು ಸಲವೂ ಕೇಳಿರಲಿಲ್ಲ. ಎಷ್ಟು ಓದಿದ್ದೀರಿ ಎಂದು ಅವರು ಕೇಳಿದಾಗ ನೆಲ ನೋಡುತ್ತ ಏಳನೇ ಅಂದಿದ್ದಳು. ಸೀಸನ್ನಿನ ಕೊನೆಗೆ ಅವರು ಈ ಹೊಲಕ್ಕೆ ತಾನು ಬರುವ ಅಗತ್ಯವೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿದ್ದನ್ನು ಅವಳು ಯಾರಿಗೂ ಹೇಳದೆ, ಹಬ್ಬದ ಸೀರೆಯ ಹಾಗೆ ಮಡಿಚಿ ಇಟ್ಟುಕೊಂಡಿದ್ದಳು. ಇನ್ನೊಂದು ಸಂಗತಿಯನ್ನೂ ಹಾಗೆಯೇ ಇಟ್ಟುಕೊಂಡಿದ್ದಳು. ಹೆಣ್ಣು ಸಾಲಿನ ಹೂವು ಬೇರೆ ತೊಗರಿ ಹೂವಿನಂತೆಯೇ ಇದೆ, ಎಸಳು ಅದೇ, ಬಣ್ಣ ಅದೇ, ಒಳಗೆ ಗಂಡಿನ ಭಾಗವೂ ಇದೆ. ಪುಡಿ ಇಲ್ಲ ಅಷ್ಟೇ. ಅಷ್ಟಕ್ಕೇ ಅದನ್ನು ಹೆಣ್ಣು ಅನ್ನುತ್ತಾರೆ.

ಮಕ್ಕಳಾಗಲಿಲ್ಲವೆಂದು ತೋರಿಸಲು ಹೋದಾಗ ಸೊಲ್ಲಾಪುರದ ಡಾಕ್ಟರಮ್ಮ ಕಾಗದದ ಮೇಲೆ ಎರಡು ದಾರ ಬರೆದಿದ್ದರು, ಒಂದು ಉದ್ದ, ಒಂದು ಗಿಡ್ಡ. ಮೂರು ತಿಂಗಳಾಯಿತು. ಮರಾಠಿ, ಹಿಂದಿ, ನಡುನಡುವೆ ತಪ್ಪು ಕನ್ನಡ ಬೆರೆಸಿ ಆಕೆ ಹೇಳಿದ್ದನ್ನು ಸೂರ್ಯಕಾಂತ ಕೇಳಿಸಿಕೊಳ್ಳುತ್ತಿರಲಿಲ್ಲ, ಗೋಡೆಯ ಮೇಲಿನ ಮಗುವಿನ ಚಿತ್ರದ ಕ್ಯಾಲೆಂಡರ್ ನೋಡುತ್ತ ಕೂತಿದ್ದ. ಕೇಳಿಸಿಕೊಂಡವಳು ಮೈತ್ರಿ. ಪ್ರತಿಯೊಂದು ಕೂಸಿಗೂ ತಾಯಿ ಒಂದು ಉದ್ದ ದಾರ ಕೊಡುತ್ತಾಳೆ. ತಂದೆ ಉದ್ದದ್ದನ್ನು ಕೊಟ್ಟರೆ ಹೆಣ್ಣು, ಗಿಡ್ಡದ್ದನ್ನು ಕೊಟ್ಟರೆ ಗಂಡು. ಆ ಗಿಡ್ಡ ದಾರದಲ್ಲಿ ಒಂದು ಕಡೆ ಗಂಡಿನ ಬೀಜ ತಯಾರು ಮಾಡುವ ಸಣ್ಣ ತುಂಡು ಇರುತ್ತದೆ. ನಿಮ್ಮ ಯಜಮಾನರ ದಾರದಲ್ಲಿ ಆ ತುಂಡು ಇಲ್ಲ. ಚಟದಿಂದ ಹೋದದ್ದಲ್ಲ, ಶಕ್ತಿ ಕಡಿಮೆಯಾಗಿ ಹೋದದ್ದಲ್ಲ, ಇವರು ಹುಟ್ಟುವುದಕ್ಕೆ ಮೊದಲೇ ಕಳಚಿ ಬಿದ್ದಿದೆ. ಗುಳಿಗೆಯಿಂದ ಬರುವುದಿಲ್ಲ. ಸೂಜಿ ಹಾಕಿ ಒಳಗಿಂದಲೇ ಹುಡುಕಿದರೆ ನಾಲ್ಕಾರು ಬೀಜ ಸಿಕ್ಕರೂ ಸಿಗಬಹುದು, ಸಿಕ್ಕರೆ ಕೂಸು ಮಾಡಬಹುದು, ಆದರೆ ಗಂಡು ಕೂಸಾದರೆ ಇದೇ ದಾರ ಅವನಿಗೂ ಹೋಗುತ್ತದೆ. ಹೆಣ್ಣಾದರೆ ಹೋಗುವುದಿಲ್ಲ. ಯಾವುದು ಬೇಕೆಂದು ಆರಿಸುವ ಹಾಗಿಲ್ಲ, ಕಾಯಿದೆ ಬಿಡುವುದಿಲ್ಲ. ಇಷ್ಟು ಹೇಳಿ ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದ್ದರು. ಹೊರಗೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯುತ್ತಿದ್ದರು. ಮದುವೆಯಾದ ಆರು ವರ್ಷದಲ್ಲಿ ಮೊದಲ ಸಲ ಮೈತ್ರಿಗೆ ಹಸಿವಾಗಿತ್ತು. ಒಂದು ಪ್ಲೇಟು ಮುಗಿಸಿ ಇನ್ನೊಂದು ಬೇಕು ಅಂದಿದ್ದಳು. ಹಿರೋಳ್ಳಿಯ ಮುದುಕಿ ಮೂರು ಮಂಗಳವಾರ ಕುಡಿಸಿದ ಬೇರಿನ ನೀರು, ಗುರುಬಾಯಿಯ ಮಗಳ ತೊಟ್ಟಿಲ ದಿನ ಕೂಸನ್ನು ಎಲ್ಲರ ಕೈಗೂ ಕೊಟ್ಟು ತನ್ನ ಕೈಗೆ ಮಾತ್ರ ಹಿಟ್ಟು ಕಲೆಸುವ ಪಾತ್ರೆ ಕೊಟ್ಟದ್ದು, ಹೊರಗೆ ಕೂತ ದಿನಗಳನ್ನು ಅತ್ತೆ ಓಣಿಗೆಲ್ಲ ಕೇಳುವ ಹಾಗೆ ಲೆಕ್ಕ ಹಾಕುತ್ತಿದ್ದದ್ದು, ಎಲ್ಲವೂ ಆ ಎಣ್ಣೆಯ ಹೊಗೆಯಲ್ಲಿ ಕರಗಿ ಹೋಗುತ್ತಿತ್ತು. ತಪ್ಪು ತನ್ನದಲ್ಲ, ತನ್ನದಲ್ಲ. ತಲೆಯೆತ್ತಿದಾಗ ಸೂರ್ಯಕಾಂತ ಅವಳನ್ನೇ ನೋಡುತ್ತಿದ್ದ. ಅವನ ಪ್ಲೇಟು ಮುಟ್ಟದೆ ಹಾಗೇ ಇತ್ತು. ಅವಳು ಕೈ ಹಿಂದೆಗೆದಳು. ಅವನು ತನ್ನ ಭಜಿಯನ್ನೂ ಅವಳ ಪ್ಲೇಟಿಗೆ ಸರಿಸಿ, ತಿನ್ನು ಅಂದ. ಕೋಪದಿಂದ ಅಂದದ್ದಲ್ಲ. ಕೋಪದಿಂದ ಅಂದಿದ್ದರೆ ಅವಳಿಗೆ ಇವತ್ತಿನ ತನಕ ಇಷ್ಟು ಭಾರವಾಗುತ್ತಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ, ಅವ್ವಗ ನಾನಾ ಹೇಳ್ತೀನಿ, ನೀ ಯಾರ ಮುಂದೂ ಅನಬ್ಯಾಡ ಎಂದು ಅವನು ಮಾತು ತೆಗೆದುಕೊಂಡಿದ್ದ. ಆಮೇಲೆ ದಿನವೂ ಊಟಕ್ಕೆ ಕೂತಾಗ ಬಾಯಿ ತೆರೆಯುತ್ತಿದ್ದ, ತೆರೆದು ಚಟ್ನಿ ಕೇಳುತ್ತಿದ್ದ. ಬೇಡದಿದ್ದರೂ ಕೇಳುತ್ತಿದ್ದ. ಮೂರು ತಿಂಗಳಲ್ಲಿ ಆ ಮನೆಯಲ್ಲಿ ಆರು ತಿಂಗಳ ಶೇಂಗಾ ಚಟ್ನಿ ಖರ್ಚಾಗಿತ್ತು. ಇವತ್ತು ಗುರುಬಾಯಿ ಬರುತ್ತಾಳೆ ಎಂದು ಗೊತ್ತಿದ್ದೂ ನಸುಕಿನಲ್ಲೇ ಎದ್ದು, ಖಾಕಿ ಹಾಕಿಕೊಂಡು, ಆಳಂದದ ಡಿಪೋಗೆ ಡ್ಯೂಟಿಗೆ ಹೋಗಿಬಿಟ್ಟಿದ್ದ. ಅವನು ಕಂಡಕ್ಟರ್. ಬಸ್ಸು ತುಂಬ ಜನರಿಗೆ ಒಳಗೆ ಸರಿಯಿರಿ, ಮುಂದೆ ನಡೆಯಿರಿ ಎಂದು ಕೂಗುವ ಮನುಷ್ಯನಿಗೆ ತನ್ನ ತಾಯಿಯ ಮುಂದೆ ಒಂದು ಮಾತು ಬರುವುದಿಲ್ಲವಲ್ಲ ಎಂದು ಮೈತ್ರಿಗೆ ಸಿಟ್ಟು ಬಂತು. ಸಿಟ್ಟಿನಲ್ಲೂ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊದ ಹಿಂದೆ ಅವನು ಡಾಕ್ಟರಮ್ಮ ಕೊಟ್ಟ ರಿಪೋರ್ಟನ್ನು ಸಿಕ್ಕಿಸಿ ಇಟ್ಟದ್ದು ನೆನಪಾಗಿ, ಅಲ್ಲಿ ಯಾರೂ ಕೈ ಹಾಕುವುದಿಲ್ಲ ಎಂದು ಅವನು ಲೆಕ್ಕ ಹಾಕಿರಬೇಕು ಅನಿಸಿ, ನಗುವೂ ಬಂತು. ಹೂವು ಬಿಡಿಸಿದಳು. ಬಿಳಿ. ಮುಂದಿನದು ಬಿಳಿ. ಅದರ ಮುಂದಿನದು ಹಳದಿ, ಕಿತ್ತಳು.

ಸಾಲಿನ ಅರ್ಧಕ್ಕೆ ಬಂದಾಗ ಎದುರಿನಿಂದ ಅತ್ತೆ ಸಾಬವ್ವ ಬರುತ್ತಿರುವುದು ಕಂಡಿತು. ದಿನಾಲೂ ಈ ಕೆಲಸಕ್ಕೆ ಜೊತೆಯಾಗುವ ವಜೀರುನ್ನಿಸಾ ನೆಂಟರ ಮನೆಗೆ ಹೋದದ್ದರಿಂದ ಇವತ್ತು ಸಾಬವ್ವ ತಾನೇ ಬಂದಿದ್ದಳು. ಹೊಲಕ್ಕೆ ಕಾಲಿಟ್ಟಾಗ ಮೈತ್ರಿ ಹೇಳಿದ್ದು ಒಂದೇ ಮಾತು: ಹೂ ಬಿಚ್ಚಿ ನೋಡ್ರಿ, ಸರಿ ಇಲ್ಲದ ಗಿಡ ಕಿತ್ತು ಹಾಕ್ರಿ. ಅದಕ್ಕಿಂತ ಹೆಚ್ಚು ಹೇಳಿದರೆ ಅತ್ತೆಗೆ ಪಾಠ ಮಾಡಿದಂತಾಗುತ್ತದೆ ಎಂದು ನಾಲಿಗೆ ಹಿಂದೆ ಸರಿದಿತ್ತು. ಈಗ ಸಾಬವ್ವನ ಬೆನ್ನ ಹಿಂದೆ ಸಾಲು ಬೋಳಾಗಿತ್ತು. ಐವತ್ತೋ ಅರವತ್ತೋ ಗಿಡ ಬೇರು ಮೇಲೆ ಮಾಡಿಕೊಂಡು ಬಿದ್ದಿದ್ದವು, ಹೂವುಗಳು ಇನ್ನೂ ಬಾಡಿರಲಿಲ್ಲ, ಬಿದ್ದ ಹೂವಿಗೂ ಜೇನು ಬಂದು ಕೂರುತ್ತಿತ್ತು. ಮೈತ್ರಿ ಓಡಿಹೋಗಿ ಒಂದನ್ನು ಎತ್ತಿ ಬಿಡಿಸಿದಳು. ಬಿಳಿ. ಇನ್ನೊಂದು. ಬಿಳಿ.

ಸಾಬವ್ವ ಸೊಂಟಕ್ಕೆ ಕೈ ಕೊಟ್ಟು ನಿಂತು, ಕೆಲಸ ತೂಗಿಸಿದವಳ ಠೀವಿಯಲ್ಲಿ ಹೇಳಿದಳು. "ಸಾಲಿಗಿ ಸಾಲೇ ಗೊಡ್ಡು ಅದಾವ ಬೇ. ಒಂದರಾಗೂ ಪುಡಿ ಇಲ್ಲ. ನಿಮ್ಮ ಕಂಪನೀದಾಂವ ನಿಮಗ ಮೋಸ ಮಾಡ್ಯಾನ."

"ಅವೇ ಬೇಕಾಗಿದ್ವು ಅತ್ತಿ," ಎಂದಳು ಮೈತ್ರಿ. ಧ್ವನಿ ತಾನು ಅಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು.

ಪುಡಿ ಇಲ್ಲದ ಗಿಡ ಯಾರಿಗೆ ಬೇಕಾಗುತ್ತದೆ ಎಂದು ಸಾಬವ್ವ ಕೇಳಿದಳು. ಮೈತ್ರಿ ಹೇಳತೊಡಗಿದಳು. ಈ ಮನೆಗೆ ಬಂದ ಮೇಲೆ ಅತ್ತೆಯ ಮುಂದೆ ಅವಳು ಒಂದೇ ಸಮನೆ ಇಷ್ಟು ಮಾತಾಡಿದ್ದು ಇದೇ ಮೊದಲು. ನಾಲ್ಕು ಸಾಲು, ಒಂದು ಸಾಲು, ಜೇನು, ಕಾಯಿ ಎಲ್ಲ ಹೇಳಿದಳು. ಬದುವಿನ ಹತ್ತಿರ ಮುಂಚೆ ಹೂ ಬಿಟ್ಟ ಹೆಣ್ಣು ಗಿಡದಲ್ಲಿ ಆಗಲೇ ಕಟ್ಟಿದ್ದ ಎಳೆ ಕಾಯನ್ನು ಬಗ್ಗಿಸಿ ತೋರಿಸಿದಳು. ಸಾಬವ್ವ ಕಾಯನ್ನು ಒತ್ತಿ ನೋಡಿದಳು, ಒಳಗೆ ಕಾಳಿತ್ತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

"ಹುಟ್ಟಿನಿಂದಾನೇ ಹಿಂಗೇನು ಇವು?"

"ಹೌದ್ರಿ. ನೀರು ಬಿಟ್ರೂ ಗೊಬ್ಬರ ಹಾಕಿದ್ರೂ ಪುಡಿ ಬರಂಗಿಲ್ರಿ."

"ಹಂಗಾರ ಗಿಡದ್ದೇನು ತಪ್ಪಿಲ್ಲನ್ನು."

ಮೈತ್ರಿ ಅತ್ತೆಯ ಕಡೆ ತಿರುಗಿದಳು. ಈಗ ಅಂದುಬಿಡಬಹುದಿತ್ತು. ಒಂದೇ ಮಾತು. ಆದರೆ ಕೊಟ್ಟ ಮಾತಿತ್ತು, ಅದಕ್ಕಿಂತ ಹೆಚ್ಚಾಗಿ ಆ ಭಜಿಯ ಪ್ಲೇಟು ಇತ್ತು. ತಾನು ಹೇಳಿದರೆ ಅದರೊಳಗೆ ಆ ದಿನದ ಹಸಿವು ಇಣುಕಿಬಿಡುತ್ತದೆ ಎಂದು ಅವಳಿಗೆ ಹೆದರಿಕೆ. ಅವಳು ಬಿದ್ದ ಗಿಡಗಳನ್ನು ಒಟ್ಟು ಮಾಡತೊಡಗಿದಳು. ಸಾಬವ್ವ ಹಿಂದೆಯೇ ಬಂದು, ಸಂಜೆಯ ಮಾತನ್ನು ತಾನಾಗಿಯೇ ಎತ್ತಿದಳು. ನೀನೂ ಇರುತ್ತಿ, ಅವಳೂ ಇರುತ್ತಾಳೆ, ಯಾರೂ ನಿನ್ನನ್ನು ಹೊರಗೆ ಹಾಕುವುದಿಲ್ಲ, ನಿನ್ನ ಕೈಯ ರೊಟ್ಟಿ ನನಗೆ ರೂಢಿಯಾಗಿದೆ ಎಂದಳು. ಕೊನೆಯ ಮಾತನ್ನು ಅವಳು ಸಮಾಧಾನಕ್ಕೆಂದೇ ಹೇಳಿದ್ದು. ಅದು ಸಮಾಧಾನವೇ ಎಂಬುದು ಮೈತ್ರಿಗೆ ಗೊತ್ತಿತ್ತು, ಅದರಿಂದಲೇ ಹೆಚ್ಚು ನೋವಾಯಿತು.

ಹತ್ತೂವರೆಗೆ ಆಳಂದದ ಬಸ್ಸು ಬಂತು. ದಿನಾಲೂ ಈ ಹೊತ್ತಿಗೆ ಮೈತ್ರಿ ಸೊಂಟ ನೆಟ್ಟಗೆ ಮಾಡುವ ನೆವದಲ್ಲಿ ಎದ್ದು ನಿಲ್ಲುತ್ತಾಳೆ. ಬಾಗಿಲಲ್ಲಿ ನಿಂತ ಸೂರ್ಯಕಾಂತ ಕೈ ಬೀಸುವುದಿಲ್ಲ, ಟಿಕೆಟ್ ಮಷಿನ್ನನ್ನು ಒಂಚೂರು ಮೇಲೆತ್ತುತ್ತಾನೆ, ಅಷ್ಟೇ. ಡ್ರೈವರ್ ದತ್ತಪ್ಪ ಹಾರ್ನ್ ಹೊಡೆದು ಚೇಷ್ಟೆ ಮಾಡುತ್ತಾನೆ. ಇವತ್ತು ಅವಳು ಏಳಲಿಲ್ಲ. ಬಸ್ಸು ಮುಂದೆ ಹೋಗಲಿಲ್ಲ. ಬ್ರೇಕಿನ ಸದ್ದು ಕೇಳಿ ತಿರುಗಿದರೆ, ಸ್ಟಾಪೇ ಇಲ್ಲದ ಕಡೆ ಬಸ್ಸು ನಿಂತು, ಸೂರ್ಯಕಾಂತ ಇಳಿದು, ಕೊರಳಿನ ಮಷಿನ್ನನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಸಾಲು ತುಳಿಯದ ಹಾಗೆ ಕಾಲಿಡುತ್ತ ಬರುತ್ತಿದ್ದ. ಕಿಟಕಿಯಲ್ಲಿ ತಲೆಗಳು ತುಂಬಿಕೊಂಡವು. ಹೆಂಗಸೊಬ್ಬಳು, ಕಂಡಕ್ಟರಗ ಬುತ್ತಿ ಮರ್ತದ ಎಂದದ್ದು, ಅದಕ್ಕೆ ಉಳಿದವರು ನಕ್ಕದ್ದು ಹೊಲದ ತನಕ ಕೇಳಿಸಿತು. ಅವನು ಮೈತ್ರಿಯನ್ನು ನೋಡದೆ ತಾಯಿಯ ಮುಂದೆ ಬಂದು ನಿಂತ. ಹಣೆಯಲ್ಲಿ ಬೆವರಿತ್ತು.

"ಯವ್ವಾ, ಅಕ್ಕಗ ಫೋನ್ ಹಚ್ಚು. ಯಾರನ್ನೂ ಕರ್ಕೊಂಡು ಬರಬ್ಯಾಡಂತ ಹೇಳು. ಮಕ್ಕಳಾಗದಿರೂದು ನನ್ನಿಂದ. ಮೈತ್ರಿದು ಏನೂ ಇಲ್ಲ. ನನ್ನ ರಕ್ತದಾಗ ಒಂದು ತುಂಡು ಇಲ್ಲಂತ, ಹುಟ್ಟಿನಿಂದಾನೇ ಇಲ್ಲಂತ. ಇನ್ನಾ ಹತ್ತು ಮಂದೀನ ತಂದ್ರೂ ಇಷ್ಟಾ."

ಸಾಬವ್ವ ಬಾಯಿ ತೆರೆದಳು. ರಸ್ತೆಯಲ್ಲಿ ದತ್ತಪ್ಪ ಹಾರ್ನ್ ಹೊಡೆದ. "ಬಸ್ ನಿಂತದ," ಎಂದ ಸೂರ್ಯಕಾಂತ, ತಿರುಗಿದ. ಆಗ ಮೈತ್ರಿಗೆ ಅರ್ಥವಾಯಿತು. ಮನೆಯಲ್ಲಿ ಹೇಳಿದರೆ ಕೇಳುವವರು ಕೇಳುತ್ತಲೇ ಇರುತ್ತಾರೆ. ಉತ್ತರ ಕೊಡುತ್ತ ರಾತ್ರಿಯಿಡೀ ಕೂರಬೇಕಾಗುತ್ತದೆ. ನಲವತ್ತು ಜನರನ್ನು ಕಾಯಿಸಿ ಬಂದರೆ ಮಾತ್ರ ಅವನಿಗೆ ಹೇಳಿ ಹೊರಟುಬಿಡಲು ಸಾಧ್ಯ. ಇದನ್ನು ಅವನು ನಸುಕಿನಿಂದ, ಇಲ್ಲ, ಮೂರು ತಿಂಗಳಿಂದ ಹುಡುಕುತ್ತಿದ್ದನೇನೋ. ಹೋಗುವಾಗ ಅವಳ ಮುಖ ನೋಡಿದ. ಸೊಲ್ಲಾಪುರದಲ್ಲಿ ಭಜಿ ಸರಿಸಿದಾಗ ಇದ್ದ ಮುಖವೇ. ಬಸ್ಸು ಹತ್ತಿ ಅವನು ಸೀಟಿ ಊದಿದ್ದು ದಿನಕ್ಕಿಂತ ಜೋರಾಗಿ ಕೇಳಿಸಿತು, ಒಳಗೆ ಸರೀರಿ ಎಂದು ಗದರಿದ್ದೂ ಕೇಳಿಸಿತು. ಧೂಳು ಎದ್ದು, ನಿಧಾನವಾಗಿ ಗಂಡು ಸಾಲಿನ ಮೇಲೆ ಕೂತಿತು.

ಸಾಬವ್ವ ಕಿತ್ತ ಗಿಡಗಳ ನಡುವೆ ಕೂತುಬಿಟ್ಟಳು. ಆಮೇಲೆ ಮೈತ್ರಿಗಲ್ಲ, ನೆಲಕ್ಕೆ ಹೇಳುವಂತೆ ಹೇಳತೊಡಗಿದಳು. ಅವನು ಹೊಟ್ಟೆಯಲ್ಲಿದ್ದ ವರ್ಷ ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಗ್ರಹಣ ಹಿಡಿದಿತ್ತು. ಬಸುರಿಯರು ಹೊರಗೆ ಬರಬಾರದು, ಏನನ್ನೂ ಕತ್ತರಿಸಬಾರದು ಎಂದು ಎಲ್ಲರೂ ಹೇಳಿದ್ದರು. ಬೇರೆಯವರ ಹೊಲದಲ್ಲಿ ಸಜ್ಜೆಯ ತೆನೆ ಕೊಯ್ಲು ಉಳಿದಿತ್ತು, ಕರೆದರು, ಹೋದಳು. ಸೂರ್ಯ ಕಪ್ಪಾಗುವಾಗಲೂ ಕುಡುಗೋಲು ಕೈಯಲ್ಲೇ ಇತ್ತು. ಹುಟ್ಟಿದ ಕೂಡಲೇ ಕೂಸಿನ ಕೈಬೆರಳು, ಕಾಲ್ಬೆರಳು, ಕಿವಿ, ತುಟಿ ಎಲ್ಲ ಎಣಿಸಿ ನೋಡಿದ್ದಳು. ಎಲ್ಲ ಇದ್ದವು. ಆ ಸಂತೋಷಕ್ಕೇ ಅವನಿಗೆ ಸೂರ್ಯಕಾಂತ ಎಂದು ಹೆಸರಿಟ್ಟಿದ್ದಳು. "ಒಳಗಿನ ತುಂಡು ಹೋಗಿತ್ತು ನೋಡು," ಎಂದಳು. "ನಾನಾ ಕೊಯ್ದೆ. ಕೊಯ್ದು ಆರು ವರ್ಷ ನಿನ್ನ ಬೈದೆ."

ಮೈತ್ರಿ ಗಿಡಗಳನ್ನು ಕಟ್ಟುತ್ತಿದ್ದಳು. ಹಾಗಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಡಾಕ್ಟರಮ್ಮನ ಕಾಗದ, ಎರಡು ದಾರ, ಎಲ್ಲ ಕಣ್ಣ ಮುಂದೆಯೇ ಇತ್ತು. ಆದರೆ ಅದನ್ನು ಹೇಳದೆ ಅವಳು ಒಂದು ಹೊರೆ ಕಟ್ಟಿದಳು. ಬೇರಿನ ನೀರಿನ ಕಹಿ ನಾಲಿಗೆಯ ಬುಡಕ್ಕೆ ಬಂತು. ಎರಡನೇ ಹೊರೆ ಕಟ್ಟಿದಳು. ತೊಟ್ಟಿಲ ದಿನದ ಹಿಟ್ಟಿನ ಪಾತ್ರೆ ಅಂಗೈಗೆ ತಣ್ಣಗೆ ತಾಗಿತು. ಇನ್ನೂ ಸ್ವಲ್ಪ ಇರಲಿ, ಈ ಮುದುಕಿಗೂ ಗೊತ್ತಾಗಲಿ, ತನ್ನ ಮೈಯೇ ತಪ್ಪು ಮಾಡಿದೆ ಎಂದು ಅಂದುಕೊಂಡು ಒಂದು ದಿನ ಕಳೆಯುವುದು ಹೇಗಿರುತ್ತದೆ ಎಂದು. ಮೂರನೇ ಹೊರೆಗೆ ಬಗ್ಗಿದಾಗ ಕಂಡಿತು: ಸಾಬವ್ವ ಕಿತ್ತ ಒಂದು ಗಿಡವನ್ನು ತೆಗೆದುಕೊಂಡು ಅದೇ ಕುಣಿಯಲ್ಲಿ ನಿಲ್ಲಿಸಿ, ಸುತ್ತ ಮಣ್ಣು ಎಳೆದು ಅಂಗೈಯಿಂದ ಒತ್ತುತ್ತಿದ್ದಳು. ಬಿಟ್ಟರೆ ವಾಲುತ್ತಿತ್ತು. ಮತ್ತೆ ಒತ್ತುತ್ತಿದ್ದಳು. ಐವತ್ತು ವರ್ಷ ಹೊಲದಲ್ಲಿ ದುಡಿದವಳಿಗೆ, ಹೂ ಬಿಟ್ಟ ತೊಗರಿ ಕಿತ್ತರೆ ಮತ್ತೆ ಹಿಡಿಯುವುದಿಲ್ಲ ಎಂದು ಗೊತ್ತಿರಲಿಲ್ಲವೇ.

ಮೈತ್ರಿ ಹೊರೆ ಬಿಟ್ಟು ಹತ್ತಿರ ಹೋಗಿ ಕೂತಳು. "ಅತ್ತಿ, ಅದು ತಾಯಿ ಕಡಿಂದ ಬರೂದೇ ಅಲ್ರಿ. ಆ ತುಂಡು ಇರೂ ದಾರ ಹೆಂಗಸರ ಕೈಗೇ ಸಿಗಂಗಿಲ್ಲ. ಅಪ್ಪನಿಂದ ಮಗಗ, ಮಗನಿಂದ ಅವನ ಮಗಗ. ನಿಮ್ಮದೂ ಅಲ್ಲ, ನಂದೂ ಅಲ್ಲ. ಗ್ರಹಣದ್ದೂ ಅಲ್ಲ."

ಸಾಬವ್ವ ತಲೆಯೆತ್ತಿದಳು. ತೀರಿಕೊಂಡು ಒಂಬತ್ತು ವರ್ಷವಾದ ಗಂಡ ಅಣ್ಣಾರಾಯನ ಹೆಸರನ್ನು ಅವಳು ಹೇಳಲಿಲ್ಲ. "ಹಂಗಾರ ಅವರದಾ?" ಎಂದಳು, ಆ ಮಾತಿನಲ್ಲಿ ಸಣ್ಣದೊಂದು ಹುರುಪು ಬಂದು ಸೇರಿತ್ತು.

ಅವರದೂ ಸರಿಯಾಗಿಯೇ ಇದ್ದಿರಬೇಕು, ಇಲ್ಲದಿದ್ದರೆ ಅವರಿಗೆ ಮಕ್ಕಳಾಗುತ್ತಿರಲಿಲ್ಲ, ದಾಟುವಾಗ ನಡುವೆ ಎಲ್ಲೋ ಕಳಚಿ ಬಿದ್ದಿದೆಯಂತೆ ಎಂದು ಮೈತ್ರಿ ಹೇಳಿದಳು. ಸಾಬವ್ವ ತಲೆಯಾಡಿಸಿದಳು. ಅದರಲ್ಲಿ ಅವಳಿಗೆ ಆಶ್ಚರ್ಯವೇನೂ ಇರಲಿಲ್ಲ. "ಸಂತಿಯಿಂದ ತಂದ ಎಣ್ಣಿ ಬಾಟಲಿ ಸೈತ ಆ ಮನಷ್ಯಾ ಪೂರಾ ಮನಿಗಿ ಮುಟ್ಟಿಸಿದ್ದಿಲ್ಲ," ಎಂದಳು.

ಮೈತ್ರಿಗೆ ನಗು ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿದಳು. ಸಾಬವ್ವ ನಗಲಿಲ್ಲ, ಆದರೆ ಗಿಡದ ಬುಡದಿಂದ ಕೈ ತೆಗೆದಳು. ಗಿಡ ನಿಧಾನಕ್ಕೆ ವಾಲಿತು, ಅವಳು ಅದನ್ನು ಹೊರೆಯ ಮೇಲೆ ಹಾಕಿದಳು. ಮುಂದೆ ಹೇಗೆ ಎಂದು ಕೇಳಿದಳು. ಸೂಜಿಯ ದಾರಿ ಒಂದಿದೆ, ಸಿಕ್ಕರೆ ಸಿಕ್ಕೀತು, ತಾವು ಇನ್ನೂ ಏನೂ ಯೋಚಿಸಿಲ್ಲ ಎಂದು ಮೈತ್ರಿ ಹೇಳಿದಳು. ಹೆಣ್ಣಾದರೆ ಆ ದಾರ ಅವಳಿಗೆ ಹೋಗುವುದಿಲ್ಲ ಎಂದಳು. ಗಂಡಾದರೆ ಎಂದು ಸಾಬವ್ವ ಕೇಳಿದಳು.

"ಅವನೂ ಇವರಂಗಾ ಇರ್ತಾನಂತ್ರಿ."

"ಇವನಂಗ ಅಂದ್ರ," ಎಂದು ಸಾಬವ್ವ ರಸ್ತೆಯ ಕಡೆ ನೋಡಿದಳು. ಬಸ್ಸಿನ ಧೂಳೂ ಈಗ ಅಲ್ಲಿರಲಿಲ್ಲ. "ಇವನೇನು ಕೆಟ್ಟ ಅದಾನೇನು?"

ಮೈತ್ರಿ ಮೊಬೈಲಿನಲ್ಲಿ ಗುರುಬಾಯಿಯ ನಂಬರು ಹಚ್ಚಿ ಅತ್ತೆಯ ಕಿವಿಗೆ ಹಿಡಿದಳು. ನೀನೊಬ್ಬಳೇ ಬಾ ಎಂದಳು ಸಾಬವ್ವ. ಆ ಕಡೆಯಿಂದ ಬಹಳ ಮಾತು ಬಂತು, ಸಾಬವ್ವ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿಸಿಕೊಂಡಳು. ಬರುವಾಗ ಶೇಂಗಾ ತಗೊಂಡು ಬಾ, ಮನೆಯಲ್ಲಿ ಚಟ್ನಿ ಮುಗಿದಿದೆ, ಉಳಿದದ್ದು ಬಂದ ಮೇಲೆ, ಈಗ ತೊಗರಿಯ ಕೆಲಸ ಇದೆ ಎಂದು ಹೇಳಿ ಮೊಬೈಲನ್ನು ಮೈತ್ರಿಯ ಕೈಗೆ ಕೊಟ್ಟಳು. ಬೈದದ್ದರ ಮಾತನ್ನು ಮತ್ತೆ ಎತ್ತಲಿಲ್ಲ. ಎತ್ತದಿದ್ದರೂ ನಡೆಯುತ್ತದೆ ಎಂದು ಮೈತ್ರಿಗೆ ಅನಿಸಿತು. ಆ ಎರಡು ಹೊರೆ ಕಟ್ಟುವಷ್ಟು ಹೊತ್ತು ತಾನು ಸುಮ್ಮನಿದ್ದದ್ದನ್ನು ತಾನೂ ಎಂದೂ ಎತ್ತುವುದಿಲ್ಲ. ಅಲ್ಲಿಗಲ್ಲಿಗೆ ಆಯಿತು ಅಂದುಕೊಂಡಳು, ಪೂರಾ ಆಗಿಲ್ಲ ಎಂಬುದೂ ಗೊತ್ತಿತ್ತು.

ಬಿಸಿಲು ನೆತ್ತಿಗೆ ಬರುವ ಮೊದಲು ಮುಗಿಸಲು ಇನ್ನೂ ಆರು ಸಾಲು ಉಳಿದಿದ್ದವು. ಅತುಲ ಸಾಹೇಬರಿಗೆ ಬೋಳು ಸಾಲಿನ ಬಗ್ಗೆ ಏನು ಹೇಳಬೇಕು ಎಂಬುದನ್ನು ನಾಳೆ ಯೋಚಿಸಿದರಾಯಿತು. ಇಬ್ಬರೂ ಅಕ್ಕಪಕ್ಕದ ಸಾಲು ಹಿಡಿದರು. ಸಾಬವ್ವನ ದಪ್ಪ ಉಗುರಿಗೆ ಎಸಳು ಬಿಡಿಸುವುದು ಬರುತ್ತಿರಲಿಲ್ಲ, ಎರಡು ಹೂವು ಹರಿದ ಮೇಲೆ ಮೂರನೆಯದು ಬಂತು. ಈಗ ತಾನಾಗಿ ಯಾವುದನ್ನೂ ಕೀಳದೆ, ಪ್ರತಿಯೊಂದು ಹೂವನ್ನೂ ಬಿಡಿಸಿ ಸೊಸೆಯ ಮುಂದೆ ಹಿಡಿಯುತ್ತಿದ್ದಳು.

"ಇದು?"

ಮೈತ್ರಿ ಬಗ್ಗಿ ನೋಡಿದಳು. ಒಳಗಿನ ತುದಿಗಳು ಬಿಳಿಯಾಗಿದ್ದವು, ಬೆರಳಿಗೆ ಏನೂ ಹತ್ತಲಿಲ್ಲ.

"ಇರ್ಲಿ ಬಿಡ್ರಿ."

ಸಾಬವ್ವ ಮುಂದಿನ ಗಿಡಕ್ಕೆ ಸರಿದಳು. "ಇದು?"

"ಅದೂ ಇರ್ಲಿ."